ಬಾಜೂ ಗಾಡಿ ಬಿಡ್ತು

ಮೊನ್ನೆ ಥಾಣೆ ಸ್ಟೇಶನ್ನಿನಲ್ಲಿ ನನ್ನ ಮರ್ಯಾದೆ ಹೋಯಿತು ನೋಡಿ. ಸೊಸೆ ಒಗ್ಗರಣೆಯ ವಿಷಯಕ್ಕೆ ಒಂದು ಮಾತು ಅಂದಿದ್ದಳು, ನಾನು ನಾಲ್ಕು ಅಂದಿದ್ದೆ. ಚೀಲ ತುಂಬಿಕೊಂಡು ಡೊಂಬಿವಲಿಯ ತಂಗಿಯ ಮನೆಗೆಂದು ಲೋಕಲಿನಲ್ಲಿ ಕಿಟಕಿ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಪಕ್ಕದ ಹಳಿಯ ಗಾಡಿ ಸರಿಯಿತು. ನಮ್ಮದೇ ಹೊರಟಿತೆಂದು ಬೆಚ್ಚಿ, ಪಕ್ಕದಲ್ಲಿದ್ದ ಯಾರದೋ ಹುಡುಗಿಯ ಮುಂಗೈ ಹಿಡಿದುಬಿಟ್ಟೆ. "ಆಜೀ, ಗಾಡೀ ಇಥೇಚ ಆಹೇ," ಎಂದು ನಕ್ಕಳು. ಗಾಡಿ ಇಲ್ಲೇ ಇದೆಯಂತೆ!

ಇಷ್ಟು ವರ್ಷ ಓಡಾಡಿದರೂ ಈ ಮೋಸ ತಪ್ಪಿಲ್ಲ. ಕಣ್ಣು ಒಂದು ಹೇಳುತ್ತದೆ, ಕೂತ ಹಲಗೆ ಇನ್ನೊಂದು. ನಡೆಯುವುದು ಕಣ್ಣಿನ ಮಾತೇ. ಹಿಂದೊಮ್ಮೆ ಕಲ್ಯಾಣದಲ್ಲೂ ಹೀಗೇ ಆಗಿತ್ತು.

ಎಂಬತ್ತನೇ ಇಸವಿಯ ಆಸುಪಾಸು. ಥಾಣೆಯ ಪಕ್ಕದ ಕಳವಾದಲ್ಲಿ ನಮ್ಮದು ಒಂದೇ ಖೋಲಿಯ ಮನೆ. ಯಜಮಾನರಿಗೆ ರಬಾಳೆಯ ಕಾರ್ಖಾನೆಯಲ್ಲಿ ಪಾಳಿ, ನನಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು, ನನಗೋ ತಾಯಿಯಿಲ್ಲ. ಅದಕ್ಕೇ ವಿಜಾಪುರದಿಂದ ಅತ್ತೆ ಬಂದರು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು. ಹದಿನೈದು ದಿನ ಚೆನ್ನಾಗಿಯೇ ಹೋಯಿತು. ಆಮೇಲೊಂದು ದಿನ ನಾನು ಬೇಕರಿಯ ಪಾವ್ ತಿಂದೆ.

"ಬಸರಾದಾಕಿ ಈ ಹತ್ತಿಯಂಥಾದ್ದು ತಿಂತಾಳೇನು?" ಅಂದರು.

"ನನಗ ಯಾರ ಉಸಾಬರಿನೂ ಬ್ಯಾಡ," ಅಂದೆ.

ಅಷ್ಟೇ. ಮರುದಿನ ಗಂಟು ಕಟ್ಟಿದರು. ಹೋಗಬೇಡಿ ಅನ್ನಲು ನನ್ನ ನಾಲಿಗೆಗೆ ಏನು ರೋಗವೋ! ಒಳಗೆ ಮಾತ್ರ ಜೀವ ಪುಕಪುಕ ಅನ್ನುತ್ತಿತ್ತು. ತಂಗಿ ಆಗಿನ್ನೂ ಊರಲ್ಲಿದ್ದ ಚಿಕ್ಕ ಹುಡುಗಿ; ಇವರೂ ಹೋದರೆ ಹೆರಿಗೆಯ ಹೊತ್ತಿಗೆ ನನ್ನವರೆಂಬ ಒಬ್ಬ ಹೆಂಗಸಿರಲಿಲ್ಲ.

ಕಲ್ಯಾಣದಲ್ಲಿ ಅವರನ್ನು ಸೊಲ್ಲಾಪುರದ ಗಾಡಿಯಲ್ಲಿ ಕೂರಿಸಲು ನಾನೂ ಡಬ್ಬಿ ಹತ್ತಿದೆ. ಗಂಟನ್ನು ಸೀಟಿನ ಕೆಳಗೆ ತಳ್ಳಿದೆ. ಕೊನೆಗೆ ಅತ್ತೆಯೇ, "ಇನ್ನ ಈ ಜಲ್ಮದಾಗ ನಿಮ್ಮ ಊರ ಮಾರಿ ನೋಡೂದಿಲ್ಲ," ಅಂದರು.

"ಹಂಗೆಲ್ಲಾ ಅನಬ್ಯಾಡ್ರಿ ಅತ್ತಿ. ಬಿಡ್ತು ಅನ್ರಿ."

ಕೆಟ್ಟ ಮಾತು ಬಾಯಿಂದ ಬಿದ್ದರೆ ನಮ್ಮಲ್ಲಿ 'ಬಿಡ್ತು' ಅನ್ನಲೇಬೇಕು, ಎಷ್ಟೇ ಸಿಟ್ಟಿರಲಿ. ಅತ್ತೆ ಮುಖ ತಿರುಗಿಸಿಕೊಂಡೇ "ಬಿಡ್ತು" ಅಂದರು. ಅದೇ ಹೊತ್ತಿಗೆ ಕಿಟಕಿಯಾಚೆ ಪಕ್ಕದ ಗಾಡಿ ಸರಿಯತೊಡಗಿತು.

ನನಗೆ ಕೇಳಿಸಿದ್ದು, ಗಾಡಿ ಬಿಡ್ತು! ಕಾಲಕೆಳಗಿನ ಹಲಗೆ ನಿಜವಾಗಿಯೂ ಓಡಿತು, ದೇವರಾಣೆ. ಇಳಿಯಲೆಂದು ಬಾಗಿಲಿಗೆ ಧಾವಿಸಿದೆ. ಅತ್ತೆ ಮುಂಗೈ ಹಿಡಿದು ಜಗ್ಗಿದರು. "ಜಿಗೀಬ್ಯಾಡ ನನ್ನವ್ವಾ! ಎರಡು ಜೀವ ಅದಾವ! ಮುಂದಿನ ಸ್ಟೇಶನ್ನಿನ್ಯಾಗ ನಾನೂ ನಿನ್ನ ಜೋಡಿ ಇಳೀತೀನಿ, ಮನಿಗೆ ಹೋಗೂಣು!"

ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿಯಲ್ಲಿ ಚಹಾದವನು ನಿಂತಲ್ಲೇ ನಿಂತು ನಗುತ್ತಿದ್ದ. "ಮಾವಶೀ, ಗಾಡೀ ಇಥೇಚ ಆಹೇ!"

ಇಬ್ಬರೂ ಪೆಚ್ಚಾದೆವು. ಆದರೆ ಅತ್ತೆ ಕೈ ಬಿಟ್ಟಿರಲಿಲ್ಲ. ನನಗೆ ಅಳು ಬಂತು.

"ಮುಂದಿನ ಸ್ಟೇಶನ್ ಯಾಕ್ರಿ ಅತ್ತಿ," ಅಂದೆ. "ಇಲ್ಲೇ ಇಳೀರಿ."

ಇಳಿದರು. ಬಾಣಂತನ ಮುಗಿದು ಮಗನಿಗೆ ಹಲ್ಲು ಬರುವವರೆಗೂ ಇದ್ದರು. ಪಾವ್ ಕಂಡಾಗೆಲ್ಲ ಬೈದರು. ಈಗ ಅವರಿಲ್ಲ. ಆ ಮಗನ ಹೆಂಡತಿಯೇ ನನ್ನ ಈ ಒಗ್ಗರಣೆಯ ಸೊಸೆ.

ಹುಡುಗಿ ಇನ್ನೂ ನಗುತ್ತಿದ್ದಳು, ಅವಳ ಮುಂಗೈ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಟ್ಟೆ. ನಮ್ಮ ಗಾಡಿ ಹೊರಟಿರಲಿಲ್ಲ. ಚೀಲ ಎತ್ತಿಕೊಂಡು ಇಳಿದೆ.