ಬೆಳ್ಳಿಯ ಮಗಳ ಎರಡು ಹಲ್ಲು

ಹೊನ್ನಾವರದ ಮೀನು ಪೇಟೆಯಲ್ಲಿ ಬೆಳ್ಳಿಯ ಬಾಯಿಗೆ ಹೆದರದವರಿಲ್ಲ. ಬಂಗಡೆಯ ಕಿವಿರು ಎತ್ತಿ ನೋಡಿ ಮೂಗು ಮುರಿಯುವ ಗಿರಾಕಿಯ ನೀರನ್ನು ಅವಳು ಎರಡೇ ಮಾತಿನಲ್ಲಿ ಇಳಿಸುತ್ತಾಳೆ. ಅಂಥವಳ ಹೊಟ್ಟೆಯಲ್ಲಿ ತುಟಿಪಿಟಕ್ಕೆನ್ನದ ಮಗಳು ಹುಟ್ಟಿದಳು.

ಅರ್ಚನಾ ಹುಟ್ಟಾ ಮೌನಿಯೇನಲ್ಲ. ಎದುರಿನ ದೊಡ್ಡ ಹಲ್ಲುಗಳ ಆಚೀಚೆ ಇರಬೇಕಾದ ಎರಡು ಸಣ್ಣ ಹಲ್ಲುಗಳು ಅವಳಿಗೆ ಬರಲೇ ಇಲ್ಲ. ಹಾಲುಹಲ್ಲು ಬಿದ್ದವು, ಆ ಜಾಗಕ್ಕೆ ಹೊಸವು ಹುಟ್ಟಲಿಲ್ಲ, ಉಳಿದವು ತಮಗೆ ತೋಚಿದಂತೆ ಸರಿದು ಕೂತವು. ಶಾಲೆಯಲ್ಲಿ ಯಾರೋ ಆಡಿಕೊಂಡರು. ಅಂದಿನಿಂದ ಮಾತಾಡಲಿ, ನಗಲಿ, ಹುಡುಗಿಯ ಎಡಗೈ ಬಾಯಿಯ ಮೇಲೆ. ಮಗಳಿಗೆ ಹಲ್ಲಿಲ್ಲ ಎಂದು ಬೆಳ್ಳಿ ಕೊರಗಿದವಳಲ್ಲ. ಆ ಕೈ ಕಂಡರೆ ಮಾತ್ರ ಅವಳ ಕರುಳು ಚುರ್ ಎನ್ನುತ್ತಿತ್ತು. ಈ ಕೈಯೊಂದು ಇಳಿದರೆ ಸಾಕು ಎಂದು ಬೇಡದ ದೇವರಿಲ್ಲ.

ಕೈ ಇಳಿಯುತ್ತಿದ್ದದ್ದು ಬಲೆ ಹಿಡಿದಾಗ ಮಾತ್ರ. ಅಪ್ಪ ಮಾಬ್ಲ ಟೊಂಕ ಎಂಬ ಊರಿನ ಕಡಲ ದಂಡೆಯಲ್ಲಿ ಕೂತು ಹರಿದ ಬಲೆ ಸರಿಮಾಡುವವನು. ಮಗಳು ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಕಲಿತಳು. ಅವಳು ಕಟ್ಟಿದ ಬಲೆಯ ಕಣ್ಣು ಯಾವುದು, ಹಳೆಯದು ಯಾವುದು ಎಂದು ಮಾಬ್ಲನಿಗೂ ಗುರುತು ಸಿಗುತ್ತಿರಲಿಲ್ಲ. ಗಂಟು ಹಾಕಿ, ಉಳಿದ ನೈಲಾನ್ ದಾರವನ್ನು ಹಲ್ಲಿನಲ್ಲೇ ಕಚ್ಚಿ ಕಡಿಯುವುದು ಅಪ್ಪನ ರೂಢಿ. ಅದೂ ಮಗಳಿಗೆ ಬಂತು.

ಹಲ್ಲಿಗೆ ಕ್ಲಿಪ್ಪು ಹಾಕಿಸಿ ಎರಡು ವರ್ಷ ಓಡಾಡಿದ ಮೇಲೆ ಹಲ್ಲುಗಳು ಸಾಲಿಗೆ ಬಂದವು. ಎರಡು ಖಾಲಿ ಜಾಗಗಳೂ ಅಳೆದಿಟ್ಟಂತೆ ಸಮನಾದವು. ಕ್ಲಿಪ್ಪು ಬಿಚ್ಚಿದ ದಿನ ಉಮಾ ಡಾಕ್ಟರು ತಾಯಿ ಮಗಳನ್ನು ಎದುರು ಕೂರಿಸಿಕೊಂಡರು.

"ಬೆಳ್ಳಕ್ಕಾ, ಹೀಗೇ ಖಾಲಿ ಬಿಟ್ರೆ ಪಕ್ಕದ ಹಲ್ಲು ಮತ್ತೆ ಅಲ್ಲಿಗೇ ವಾಲ್ತದೆ. ಮಾಡಿದ್ದೆಲ್ಲ ನೀರಲ್ಲಿ ಹೋಮ."

"ದವಡಿಗೆ ಸ್ಕ್ರೂ ಹಾಕಿ ಹಲ್ಲು ಕೂರ್ಸ್ತ್ರಂತೆ. ಅದೇ ಹಾಕಿ ಡಾಕ್ಟ್ರೇ. ಎಂತಕ್ಕೆ ತಡ?"

"ಹದಿನೇಳಕ್ಕೆ ದವಡೆ ಇನ್ನೂ ಬೆಳೀತಾ ಇರ್ತದೆ. ಈಗ ಹಾಕಿದ್ರೆ ಉಳಿದ ಹಲ್ಲು ಕೆಳಗೆ ಬಂದು ಅದೊಂದು ಮೇಲೇ ಉಳೀತದೆ. ಇಪ್ಪತ್ತು ದಾಟ್ಲಿ, ಎಕ್ಸ್‌ರೇ ತೆಗೆದು ನೋಡುವ. ಆಚೀಚೆ ಹಲ್ಲು ಅರೆದು, ಟೊಪ್ಪಿ ಹಾಕಿ, ನಡುವೆ ಹಲ್ಲು ಕಟ್ಟುವ ಬ್ರಿಜ್ಜೂ ಉಂಟು."

"ಒಳ್ಳೆ ಹಲ್ಲು ಅರೆಯೂದಾ? ಅವು ಎಂತ ತಪ್ಪು ಮಾಡಿದ್ವು?"

ಡಾಕ್ಟರು ನಕ್ಕರು. ಈ ವಯಸ್ಸಿಗೆ ಅದು ಬೇಡವೆಂದೇ ಅವರಿಗೂ ಇತ್ತು. ಹಲ್ಲು ಕೂರಿಸಿದ ಪ್ಲೇಟನ್ನು ತೋರಿಸಿದರು. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ಕಾಲೇಜಿನಲ್ಲಿ ಊಟದ ಹೊತ್ತಿಗೆ ಎಲ್ಲರೆದುರು ಹಲ್ಲು ತೆಗೆದಿಡುವುದು ನೆನಪಾಗಿ ಅರ್ಚನಾ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಉಳಿದದ್ದು ಪಕ್ಕದ ಹಲ್ಲಿನ ಬೆನ್ನಿಗೆ ಸಣ್ಣ ರೆಕ್ಕೆಯಿಟ್ಟು ಅಂಟಿಸುವ ಹಲ್ಲು.

"ಅದೇ ಆತು" ಎಂದಳು ಅರ್ಚನಾ, ಕೈಯ ಮರೆಯಲ್ಲೇ.

"ಅಂಟಿಸಿದ್ದು ಅಂತ ನೆನಪಿರ್ಲಿ. ಗಟ್ಟಿ ತಿಂಡಿ ಅದ್ರಲ್ಲಿ ಕಚ್ಚಬೇಡ. ಬಲೆ ದಾರ ಅಂತೂ ಹತ್ತಿರಕ್ಕೂ ತರಬೇಡ."

ಹಲ್ಲು ಬಂದವು, ಕೈ ಇಳಿಯಿತು. ಮಗಳು ಬಾಯ್ತುಂಬ ನಗುವುದನ್ನು ಕಂಡು ಬೆಳ್ಳಿ ಹಿಗ್ಗಿದ್ದೇ ಹಿಗ್ಗು. ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆ ಮೊಬೈಲು ಹಿಡಿದು ಫೋಟೋ ತೋರಿಸಿದಳು. ಬಂಗಡೆ ಕೊಳ್ಳಲು ಬಂದವರು ಹಲ್ಲು ನೋಡದೆ ಹೋಗುವಂತಿರಲಿಲ್ಲ.

ಆ ಹುರುಪಿನಲ್ಲೇ ಅರ್ಚನಾ ಒಂದು ಮಾತಿಗೆ ಒಪ್ಪಿಕೊಂಡಳು. ಮೀನುಗಾರ ಹೆಂಗಸರ ಸಂಘದ ಮಾದೇವಿ ಬಲೆ ಕಟ್ಟುವುದನ್ನು ಕಲಿಸುವ ಶಿಬಿರ ಇಟ್ಟಿದ್ದಳು. ಕುಮಟೆಯಿಂದ, ಭಟ್ಕಳದಿಂದಲೂ ಹೆಂಗಸರು ಬರುವವರಿದ್ದರು. ವೇದಿಕೆಯ ಮೇಲೆ ಕೂತು, ಮೈಕಿನಲ್ಲಿ ಹೇಳುತ್ತ, ಮಾಡಿ ತೋರಿಸಬೇಕು. ಹಿಂದಿನ ಅರ್ಚನಾ ಆಗಿದ್ದರೆ ಜ್ವರ ಬಂತೆಂದು ಮಲಗಿಬಿಡುತ್ತಿದ್ದಳು.

ಆ ದಿನ ಬೆಳ್ಳಿ ಬುಟ್ಟಿಯನ್ನು ನಾದಿನಿಗೆ ಒಪ್ಪಿಸಿ ಮೊದಲ ಸಾಲಿನಲ್ಲೇ ಕೂತಿದ್ದಳು. ಮಗಳ ಮಾತು ಸರಾಗವಾಗಿ ಸಾಗಿತು. ದಾರ ಎಲ್ಲಿಂದ ತರಬೇಕು, ಯಾವ ಬೆರಳು ಒತ್ತಬೇಕು ಎನ್ನುತ್ತ ಒಂದೊಂದೇ ಕಣ್ಣು ಕಟ್ಟಿದಳು. ಕತ್ತರಿ ಪಕ್ಕದಲ್ಲೇ ಇತ್ತು. ಆದರೆ ಎರಡೂ ಕೈಯಲ್ಲಿ ಬಲೆ. ಹಳೆಯ ರೂಢಿ ಕೇಳಬೇಕಲ್ಲ. ಕೊನೆಯ ಗಂಟು ಬಿಗಿದವಳೇ ದಾರವನ್ನು ಬಾಯಿಗಿಟ್ಟು ಕಚ್ಚಿ ಎಳೆದಳು.

ಟಕ್ಕೆಂದ ಸದ್ದನ್ನು ಮೈಕು ಸಭೆಗೆಲ್ಲ ಕೇಳಿಸಿತು. ಎಡಗಡೆಯ ಹಲ್ಲು ಅವಳ ಮಡಿಲಿಗೆ ಬಿತ್ತು.

ಮುಗೀತು ಎಂದುಕೊಂಡಳು ಬೆಳ್ಳಿ. ಮಗಳನ್ನು ಕರೆದುಕೊಂಡು ಹೊರಗೆ ಹೋಗುವುದೇ ವಾಸಿಯೆಂದು ಅರ್ಧ ಎದ್ದಳು. ವೇದಿಕೆಯ ಮೇಲೆ ಅರ್ಚನಾಳ ಎಡಗೈ ಬಲೆ ಬಿಟ್ಟು ಮೇಲಕ್ಕೆ ಹೋಯಿತು. ಆ ಕೈ ಮೈಕನ್ನು ಹಿಡಿದು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಿತು.

"ಕತ್ತರಿ ಎಂತಕ್ಕೆ ಬೇಕು ಅಂತ ಈಗ ಗೊತ್ತಾತಲ್ಲ?" ಎಂದು ಅರ್ಚನಾ ಆ ಖಾಲಿ ಜಾಗ ಕಾಣುವಂತೆಯೇ ನಕ್ಕಳು. ಸಭೆಯೂ ನಕ್ಕಿತು, ಅವಳ ಜೊತೆಗೆ. ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಟ್ಟು, ಕತ್ತರಿ ಎತ್ತಿಕೊಂಡು, ಅವಳು ಮುಂದಿನ ಸಾಲು ಶುರುಮಾಡಿದಳು. ಊಟದ ಹೊತ್ತಿನವರೆಗೂ ಕಲಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮೊದಲ ಸಾಲಿನಲ್ಲಿ ಬೆಳ್ಳಿ ಕಣ್ಣೊರೆಸಿಕೊಳ್ಳುತ್ತ, ಪಕ್ಕದಲ್ಲಿದ್ದ ಭಟ್ಕಳದ ಹೆಂಗಸಿಗೆ, ಕೇಳದಿದ್ದರೂ, ವೇದಿಕೆಯ ಮೇಲಿರುವವಳು ಯಾರ ಮಗಳೆಂದು ಹೇಳಿದಳು.

ಮರುದಿನ ಉಮಾ ಡಾಕ್ಟರು ಹಲ್ಲನ್ನು ತಿರುಗಿಸಿ ನೋಡಿದರು. ಮುರಿದಿರಲಿಲ್ಲ, ಅಂಟು ಬಿಟ್ಟಿತ್ತು ಅಷ್ಟೇ, ಮತ್ತೆ ಕೂರಿಸಬಹುದಿತ್ತು. ಹೇಗೆ ಬಿತ್ತೆಂದು ಕೇಳಿ, ಅರ್ಚನಾ ಹೇಳಿದ್ದನ್ನು ಚೀಟಿಯ ಮೇಲೆ ಬರೆದರು.

"ಎಂತ ಬರ್ದ್ರಿ?" ಬೆಳ್ಳಿ ಬಗ್ಗಿ ನೋಡಿದಳು.

"ದಾರ ಕಚ್ಚಿ ಹಲ್ಲು ಬಿತ್ತು ಅಂತ."

"ಅಷ್ಟೇ ಸಾಕಾಗೂದಿಲ್ಲ ಡಾಕ್ಟ್ರೇ. ಹಲ್ಲು ಬಿದ್ರೂ ಇವಳ ಕೈ ಬಾಯಿಗೆ ಹೋಗ್ಲಿಲ್ಲ. ಅದನ್ನೂ ಬರ್ಕಳಿ."