ದಸರೆಯ ದಿನ ಹಿಡಿದುಕೊಂಡ ಇಂಜಿನ್ನು

ಯಾರಾದರೂ ಜ್ವರ ಬಂದಿದೆ ಎಂದರೆ ನಾನು ಗಂಭೀರವಾಗಿ ತಲೆಯಾಡಿಸಿ, ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ. ಗಾಡಿ ಕೆಟ್ಟಿದೆ ಎಂದರೆ ಮಾತ್ರ ಅಂಗಿಯ ತೋಳು ಮಡಿಚುತ್ತೇನೆ. ಧಾರವಾಡ ಬಿಟ್ಟು ಪುಣೆಗೆ ಬರುವಾಗ ತಂದ ಮೋಟರ್‌ಸೈಕಲ್ಲು ಇನ್ನೂ ನನ್ನ ಬಳಿ ಇದೆ. ಅದರ ವಾರಗೆಯ ಗಾಡಿಗಳೆಲ್ಲ ಗುಜರಿ ಸೇರಿವೆ. ಇದು ಬದುಕಿರುವುದು ನನ್ನ ವೈದ್ಯದಿಂದಲೋ, ಆ ವೈದ್ಯವನ್ನೂ ತಾಳಿಕೊಳ್ಳುವ ಅದರ ಗಟ್ಟಿ ಜೀವದಿಂದಲೋ ಎಂದು ನನಗೇ ಅನುಮಾನ.

ಈ ಸಲ ದಸರೆಯ ಬೆಳಿಗ್ಗೆ ಅದರ ಕಿಕ್ಕು ಕೆಳಗಿಳಿಯಲಿಲ್ಲ. ಬಂಡೆಯ ಮೇಲೆ ಕಾಲಿಟ್ಟಂತಾಯಿತು. ಅಂದು ನಾವು ದಿವೇ ಘಾಟಿನ ಆಚೆ ಸಾಸವಡದಲ್ಲಿರುವ ಹೆಂಡತಿ ಸುಧಾಳ ಅಕ್ಕನ ಮನೆಗೆ ಬನ್ನಿ ಕೊಡಲು ಹೋಗಬೇಕಿತ್ತು. ಹೋದ ವರ್ಷ ಅಕ್ಕ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ನಮ್ಮ ಮನೆಗೆ ಬಂದು ಕುಂಕುಮ ಹಚ್ಚಿ ಕರೆಯದೆ, ಬರೀ ಫೋನಿನಲ್ಲಿ ಕರೆದಿದ್ದರು. ಅಂದಿನಿಂದ ಅಕ್ಕತಂಗಿಯರಲ್ಲಿ ಮಾತಿಲ್ಲ. ದಸರೆಗೆ ಬನ್ನಿ ಕೊಟ್ಟು ಮುನಿಸು ಮರೆಯುವುದು ನಮ್ಮ ಪದ್ಧತಿಯಾದ್ದರಿಂದ ಸುಧಾ ಹೇಗೋ ಒಪ್ಪಿದ್ದಳು. ಗಾಡಿ ನಿಂತದ್ದೇ ಅವಳ ಮುಖ ಹಗುರಾಯಿತು.

“ದೇವರಿಗೇ ಮನಸ್ಸಿಲ್ಲರಿ. ಮುಂದಿನ ವರ್ಷ ನೋಡೂಣು.”

ಬಸ್ಸಿಗೆ ಹೋಗೋಣ ಎಂದೆ. “ಹಬ್ಬದ ಗದ್ದಲದಾಗ ನಾ ಒಲ್ಲೆ” ಎಂದಳು. ಇಂಜಿನ್ನು ಏಳದಿದ್ದರೆ ಇನ್ನೊಂದು ವರ್ಷದ ಮೌನ ಖಾತ್ರಿ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಪುಣೆಯಲ್ಲಿ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತವನಿಗೆ ಸಲಹೆಯ ಬರವಿಲ್ಲ. ಹೊಸ ಬಿಳಿ ಅಂಗಿ ತೊಟ್ಟು ಬಂದ ಕೆಳಗಿನ ಮನೆಯ ಜೋಶಿ ಕಾಕಾ, “ಇಂಜಿನ್ ಜಾಮ್ ಝಾಲಂಯ. ಜೋರಾತ್ ಕಿಕ್ ಮಾರಾ” ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ನಾನು ಜೋರಾಗಿ ಒದೆಯಲಿಲ್ಲ. ಹಿಡಿದುಕೊಂಡದ್ದನ್ನು ಒದೆದರೆ ಒಳಗೇನಾದರೂ ಬಾಗಿ ಕೂರುತ್ತದೆ. ಇಂಜಿನ್ನು ಎಣ್ಣೆ ಬತ್ತಿ ಒಣಗಿಯೂ ಹಿಡಿದುಕೊಳ್ಳಬಹುದು, ಬೇಡದ ಜಾಗದಲ್ಲಿ ಪೆಟ್ರೋಲು ತುಂಬಿ ಪಿಸ್ಟನ್ನಿಗೆ ಮೇಲೇಳಲು ಎಡೆಯಿಲ್ಲದೆಯೂ ಹಿಡಿದುಕೊಳ್ಳಬಹುದು. ಮೊದಲನೆಯದಾದರೆ ಗುಜರಿಯ ದಾರಿ, ಎರಡನೆಯದಾದರೆ ಒಂದು ಒರೆಸುವ ಬಟ್ಟೆ ಸಾಕು. ಮನುಷ್ಯರ ಮುನಿಸಿಗೂ ಈ ವಿಂಗಡಣೆ ಹೊಂದುತ್ತದೆಂದು ನನ್ನ ಗುಮಾನಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಟಾಪ್ ಗೇರಿಗೆ ಹಾಕಿ ತಳ್ಳಿದೆ. ಮುಂದೆ ಹೋಗದ ಗಾಡಿ ಹಿಂದಕ್ಕೆ ತುಸು ಸರಿಯಿತು. ಎದೆ ಹಗುರಾಯಿತು; ಪೂರ್ತಿ ಕಚ್ಚಿಕೊಂಡಿಲ್ಲ ಎಂದಾಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ಒತ್ತಿದೆ. ಪೆಟ್ರೋಲು ಪಿಚಕಾರಿಯಂತೆ ಚಿಮ್ಮಿ ಕಾಕಾರ ಹೊಸ ಅಂಗಿ ತೋಯಿಸಿತು. ಕಾಕಾ ಹೌಹಾರಿದರು, ನಾನು ಸಂತೋಷದಿಂದ ಕೂಗಿದೆ.

“ನಿನ್ನಿ ಗಾಡಿಗೆ ಖಂಡೇ ಪೂಜಾ ಮಾಡೂ ಮುಂದ ಪೆಟ್ರೋಲಿನ ನಳಾ ನಾನ ತಗದಿದ್ದೆ” ಎಂದು ಸುಧಾ ಮೆಲ್ಲಗೆ ಹೇಳಿದಳು. “ಹಬ್ಬದ ದಿನಾ ಬಂದ್ ಮಾಡಿ ಇಡಬಾರದಲ್ಲರಿ. ಲಕ್ಷ್ಮೀ ಬರ್ಲಿ ಅಂತ ಬಾಗಲಾ ತಗದ ಇಡ್ತೀವಲ್ಲ, ಹಂಗ.”

ರಾತ್ರಿಯೆಲ್ಲ ಲಕ್ಷ್ಮಿಯ ಬದಲು ಪೆಟ್ರೋಲು ಒಳಗೆ ಬಂದಿತ್ತು. ಭಕ್ತಿಯಿಂದ ಕೆಟ್ಟ ಇಂಜಿನ್ನಿನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಪೆಟ್ರೋಲು ಬೆರೆತ ಎಣ್ಣೆ ಬದಲಿಸಿ, ಪ್ಲಗ್ ಒಣಗಿಸಿ ಒದೆದಾಗ ಗಾಡಿ ಕೆಮ್ಮುತ್ತ ಎದ್ದಿತು. ಸುಧಾಳಿಗೆ ಬೇರೆ ನೆಪ ಉಳಿಯಲಿಲ್ಲ.

ದಿವೇ ಘಾಟಿನ ಉದ್ದಕ್ಕೂ ಅವಳು ಬನ್ನಿಯ ಎಲೆ ಮಡಿಲಲ್ಲಿ ಹಿಡಿದು ಕೂತಿದ್ದಳು. ಸಾಸವಡದಲ್ಲಿ ಬಾಗಿಲು ತೆರೆದ ಅಕ್ಕ ನಮ್ಮನ್ನು ಕಂಡವರೇ ಒಳಗೆ ಓಡಿದರು. ಸುಧಾ ಬನ್ನಿ ಹಿಡಿದ ಕೈ ಕೆಳಗಿಳಿಸಿದಳು. ಅಷ್ಟರಲ್ಲಿ ಅಕ್ಕ ಕುಂಕುಮದ ಭರಣಿಯೊಂದಿಗೆ ಬಂದು, ಹೊಸ್ತಿಲಲ್ಲೇ ಅವಳ ಹಣೆಗೆ ಹಚ್ಚಿ, “ಒಳಗ ಬಾರವಾ” ಎಂದರು. ಇಬ್ಬರೂ ಅತ್ತರು. ಆಮೇಲೆ ಸಂಜೆಯವರೆಗೆ ಮಾತು ನಿಲ್ಲಲಿಲ್ಲ.

ಹೊರಡಲೆಂದು ನಾನು ಹೆಲ್ಮೆಟ್ಟು ಕೈಗೆತ್ತಿಕೊಂಡಾಗ ಸುಧಾ ಅಂಗಳಕ್ಕೆ ಬಂದು ಪಿಸುಗುಟ್ಟಿದಳು. “ಗಾಡಿ ಮತ್ತ ಹಿಡಕೊಂಡದ ಅಂತ ಹೇಳ್ರಿ. ಇರ್ತೀನಿ ಅಂತ ನಾನಾಗಿ ಹೇಳ್ಲಿಕ್ಕೆ ನಾಚಿಕಿ ಬರ್ತದ.”

ನಾನು ಕಿಕ್ಕಿನ ಮೇಲೆ ಕಾಲಿಟ್ಟು, ಒತ್ತದೆ, ಹುಬ್ಬು ಗಂಟಿಕ್ಕಿ ದೊಡ್ಡ ಡಾಕ್ಟರನಂತೆ ತಲೆಯಾಡಿಸಿದೆ. “ಇವತ್ತ ಇದು ಏಳೂದಿಲ್ಲರಿ ಅಕ್ಕಾ” ಎಂದು ಕೂಗಿ ಹೇಳಿದೆ.

ಅಕ್ಕ ಇಂಜಿನ್ನಿಗೆ ಏನಾಯಿತೆಂದು ಕೇಳಲೇ ಇಲ್ಲ. ಒಳಗಿನಿಂದಲೇ ಕೇಳಿದರು: “ರಾತ್ರಿಗೆ ಅನ್ನಾ ಮಾಡ್ಲೋ, ಭಕ್ರಿ ಬಡೀಲೋ?”