ಇಟ್ಟದ್ದನ್ನು ಇಟ್ಟಲ್ಲೇ ಕಾಯುವ ಮರಳಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಕಟ್ಟಡ, ಮೊದಲ ಮಹಡಿ, ಕೊನೆಯ ಕೋಣೆ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಐವತ್ಮೂರು ವರ್ಷದ ಹೆಂಗಸೊಬ್ಬರು ನೆಲದ ಮೇಲೆ ಮಂಡಿಯೂರಿ, ಮರಳು ತುಂಬಿದ ಮರದ ಪೆಟ್ಟಿಗೆಯೊಂದರ ಮೇಲೆ ಬಗ್ಗಿದ್ದಾರೆ. ಎಡಗೈಯಲ್ಲಿ ನೋಟ್‌ಬುಕ್, ಬಲಗೈಯಲ್ಲಿ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಹಸು. ಪುಸ್ತಕ ನೋಡುತ್ತಾರೆ, ಹಸು ಇಡುತ್ತಾರೆ, ಬೆರಳಿಟ್ಟು ಅಳೆಯುತ್ತಾರೆ, ಮತ್ತೆ ಕೂದಲೆಳೆಯಷ್ಟು ಸರಿಸುತ್ತಾರೆ.

“ಮೂತಿ ಬೇಲಿ ಕಡೆಗಿತ್ತು,” ಎಂದು ತಮಗೆ ತಾವೇ ಹೇಳಿಕೊಂಡು ಹಸುವನ್ನು ತಿರುಗಿಸಿಡುತ್ತಾರೆ.

ಇವರು ಮಕ್ಕಳ ಆಪ್ತಸಮಾಲೋಚಕಿ. ಮನಸ್ಸಿಗೆ ಪೆಟ್ಟು ಬಿದ್ದು ಊಟ, ನಿದ್ದೆ, ಶಾಲೆ, ಮಾತು ಇವುಗಳಲ್ಲಿ ಯಾವುದನ್ನೋ ಬಿಟ್ಟುಬಿಟ್ಟ ಮಕ್ಕಳು, ಕೋಣೆ ಬಾಗಿಲು ಹಾಕಿಕೊಂಡು ಹೊರಗೇ ಬಾರದ ಹದಿಹರೆಯದವರು, ಅವರ ಹಿಂದೆ ಮುಖ ಬಾಡಿಸಿಕೊಂಡು ಬರುವ ಅಪ್ಪ ಅಮ್ಮಂದಿರು, ಎಲ್ಲರೂ ಇವರ ಪಾಲಿಗೆ. ಚಿಕ್ಕ ಮಕ್ಕಳು ಇಟ್ಟ ಹೆಸರು ಮರಳಕ್ಕ. ಅದೇ ಈಗ ದೊಡ್ಡವರ ಬಾಯಲ್ಲೂ ನಿಂತಿದೆ. ಆಸ್ಪತ್ರೆಯ ದೊಡ್ಡ ಫಲಕದಲ್ಲಿ ಈ ಕೋಣೆಯ ಸುಳಿವಿಲ್ಲ. ವಿಚಾರಣೆ ಕಿಟಕಿಯಲ್ಲಿ ಕೇಳಿದರೆ “ಓ, ಆ ಆಟದ ರೂಮಾ? ಹಿಂದೆ ಹೋಗಿ” ಎಂದು ತಲೆಯೆತ್ತದೆ ಕೈ ತೋರಿಸುತ್ತಾರೆ.

ಆಟವೇನೋ ಹೌದು. ಮರಳಿನ ಪೆಟ್ಟಿಗೆ ನಾಲ್ಕು, ಕಪಾಟಿನಲ್ಲಿ ಮುನ್ನೂರ ನಲವತ್ತು ಪುಟ್ಟ ಆಟಿಕೆ. ಮನೆ, ಬೇಲಿ, ನಾಯಿ, ಪೊಲೀಸು, ಮಂಚ, ಅಜ್ಜ, ಹಾವು, ಎಲ್ಲವೂ ಇವೆ. ಬಾಯಲ್ಲಿ ಹೇಳಲಾಗದ್ದನ್ನು ಮಕ್ಕಳು ಮರಳಿನಲ್ಲಿ ಜೋಡಿಸುತ್ತಾರೆ. ಮಗು ಎದ್ದುಹೋದ ಮೇಲೆ ಮರಳಕ್ಕ ಆ ಜೋಡಣೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಯಾವುದು ಎಲ್ಲಿತ್ತು, ಯಾವ ಕಡೆ ಮುಖ, ಎಷ್ಟು ಬೆರಳು ದೂರ. ಮುಂದಿನ ವಾರ ಆ ಮಗು ಬರುವ ಮೊದಲು ಅದೇ ಪೆಟ್ಟಿಗೆಯಲ್ಲಿ ಅದೇ ಲೋಕ ಹಾಗೆಯೇ ಎದ್ದು ನಿಂತಿರಬೇಕು. ವಾರಕ್ಕೆ ಇಪ್ಪತ್ತಾರು ಮಕ್ಕಳು, ಒಬ್ಬೊಬ್ಬರಿಗೆ ನಲವತ್ತು ನಿಮಿಷ, ನಡುವೆ ಜೋಡಿಸಲು ಹನ್ನೆರಡು ನಿಮಿಷ. ದಿನದ ಮೊದಲ ನಾಲ್ವರದ್ದನ್ನು ಬೆಳಗಿನ ಜಾವವೇ ಮುಗಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

“ನಂಗೆ ಕಲಿಸಿದವರು ಹೀಗೆ ಹೇಳಿರ್ಲಿಲ್ಲ. ಮಗು ಹೋದ್ಮೇಲೆ ತೆಗೆದು ಎತ್ತಿಡಿ, ಮುಂದಿನ ಸಲ ಹೊಸದಾಗಿ ಶುರುವಾಗ್ಲಿ ಅಂತಿದ್ರು. ಎಂಟು ವರ್ಷ ನಾನೂ ಹಾಗೇ ಮಾಡ್ದೆ,” ಎನ್ನುತ್ತಾರೆ. ಮತ್ತೇಕೆ ಬದಲಾಯಿಸಿದಿರಿ ಎಂದರೆ, “ಆಮೇಲೆ ಹೇಳ್ತೀನಿ, ಈಗ ಕೈ ಖಾಲಿ ಇಲ್ಲ.”

ನಿಜಕ್ಕೂ ಖಾಲಿ ಇಲ್ಲ. ಇವರ ಬಗ್ಗೆ ಬರೆಯಲೆಂದು ನಾನು ಹೋದ ಗುರುವಾರ ಕೆಟ್ಟ ಗುರುವಾರ. ಹಿಂದಿನ ಸಂಜೆ, ಮರುದಿನ ತಪಾಸಣೆಗೆ ದೊಡ್ಡವರು ಬರುತ್ತಾರೆಂಬ ಸುದ್ದಿ ಹಬ್ಬಿ ಇಡೀ ಆಸ್ಪತ್ರೆ ಗುಡಿಸಿ ಒರೆಸಿಸಿಕೊಂಡಿದೆ. ಈ ಕೋಣೆಯನ್ನು ಮುಟ್ಟಬಾರದೆಂದು ಹಳೆಯ ಆಯಾಗಳಿಗೆಲ್ಲ ಗೊತ್ತು. ಬಂದದ್ದು ಹೊಸಬಳು. ಮರಳಕ್ಕ ಆತುರದಲ್ಲಿ ಬೀಗದ ಕೈ ಕೊಟ್ಟರು, ಒಂದು ಮಾತು ಹೇಳುವುದನ್ನು ಮರೆತರು. ಆ ಪುಣ್ಯಾತ್ಗಿತ್ತಿ ಮೇಡಮ್ಮನಿಗೆ ಕೆಲಸ ಕಮ್ಮಿಯಾಗಲೆಂದು ಮರಳು ಜರಡಿ ಹಿಡಿದು, ಆಟಿಕೆಗಳನ್ನೆಲ್ಲ ಸೋಪು ಹಾಕಿ ತೊಳೆದು, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದಾಳೆ. ಮುರಿದವುಗಳನ್ನು ಕಸಕ್ಕೆ ಹಾಕಿದ್ದಾಳೆ.

ಕಸಕ್ಕೆ ಹೋದದ್ದರಲ್ಲಿ ಒಂದು ಚಕ್ರ ಕಿತ್ತುಹೋದ ಕೆಂಪು ಬಸ್ಸೂ ಇತ್ತು. ಮೂರು ಪೆಟ್ಟಿಗೆ ಜೋಡಿಸಿ ನಾಲ್ಕನೆಯದಕ್ಕೆ ಬಂದ ಮರಳಕ್ಕ ಕಪಾಟನ್ನು ಎರಡು ಸಲ ಮೇಲಿಂದ ಕೆಳಗೆ ತಡಕಿದರು. ಆಮೇಲೆ ಮೆಟ್ಟಿಲಿಳಿದು ಓಡಿದರು. ಮಂಡಿನೋವಿನ ಹೆಂಗಸು ಹಾಗೆ ಓಡುವುದನ್ನು ನೋಡಿ ನಾನೂ ಹಿಂದೆ ಓಡಿದೆ. ಹಿತ್ತಲಿನ ಕಸದ ತೊಟ್ಟಿಗಳು ಖಾಲಿ. ಲಾರಿ ಐದೂವರೆಗೇ ಬಂದು ಹೋಗಿತ್ತು. ತೊಟ್ಟಿಯ ಅಂಚು ಹಿಡಿದು ನಿಂತ ಅವರ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಆ ಬಸ್ಸು ಎಂಟು ವರ್ಷದ ಹುಡುಗಿಯೊಬ್ಬಳದ್ದು. ಹನ್ನೊಂದು ತಿಂಗಳಿಂದ ಅವಳು ಮಾತಾಡಿಲ್ಲ. ಅವಳ ಅಮ್ಮ ಒಂದು ಬೆಳಿಗ್ಗೆ ಕೆಲಸಕ್ಕೆಂದು ಬಸ್ಸು ಹತ್ತಿದವಳು, ಇಳಿಯುವಾಗ ಜಾರಿಬಿದ್ದು ತೀರಿಕೊಂಡಳು. ಮಗುವಿಗೆ ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಅವಳನ್ನು ಪಕ್ಕದ ಮನೆಗೆ ಕಳಿಸಿ ಎಲ್ಲ ಮುಗಿಸಿದರು. “ಅಮ್ಮ ಊರಿಗೆ ಹೋಗಿದಾಳೆ, ಬರ್ತಾಳೆ” ಎಂದರು. ಹತ್ತೊಂಬತ್ತು ದಿನ ಮನೆಮಂದಿಯೆಲ್ಲ ಅದೇ ಸುಳ್ಳನ್ನು ಹೇಳಿದರು. ಇಪ್ಪತ್ತನೆಯ ದಿನ ತರಗತಿಯಲ್ಲಿ ಪಕ್ಕ ಕೂತವಳು “ನಿಮ್ಮಮ್ಮ ಸತ್ತೋಗಿದಾರಂತೆ, ಹೌದಾ?” ಎಂದು ಕೇಳಿದಳು. ಆ ಮಧ್ಯಾಹ್ನದಿಂದ ಹುಡುಗಿ ಬಾಯಿ ಮುಚ್ಚಿದಳು.

ಇಲ್ಲಿಗೆ ಬರತೊಡಗಿ ಇಪ್ಪತ್ತೆರಡು ವಾರ. ಅವಳ ಪೆಟ್ಟಿಗೆಯಲ್ಲಿ ಒಂದು ಮನೆ, ಒಂದು ಗೇಟು, ದೂರದ ತುದಿಯಲ್ಲಿ ಆ ಕೆಂಪು ಬಸ್ಸು, ಬಸ್ಸಿನೊಳಗೆ ಒಂದು ಹೆಂಗಸಿನ ಗೊಂಬೆ. ಪ್ರತಿ ಗುರುವಾರ ಬಂದು ಬಸ್ಸನ್ನು ಅರ್ಧ ಬೆರಳು ಮುಂದಕ್ಕೆ ಸರಿಸುತ್ತಾಳೆ. ಅಷ್ಟೇ. ಉಳಿದ ಮೂವತ್ತೊಂಬತ್ತು ನಿಮಿಷ ನೋಡುತ್ತಾ ಕೂರುತ್ತಾಳೆ. ಈಗ ಬಸ್ಸಿಗೂ ಗೇಟಿಗೂ ಉಳಿದಿರುವುದು ನಾಲ್ಕು ಬೆರಳು.

ಅಪ್ಪ ಲಿಫ್ಟ್ ರಿಪೇರಿಯವನು. ಹಿಂದಿನ ವಾರವೇ ಹೇಳಿಹೋಗಿದ್ದ: “ತಪ್ಪು ತಿಳ್ಕೋಬೇಡಿ ಅಕ್ಕಾ, ಮುಂದಿನ ವಾರವೇ ಕೊನೆ. ಐದು ತಿಂಗಳಾಯ್ತು. ಒಂದು ಆಟಿಕೆ ಬಸ್ಸು ತಳ್ಳೋಕೆ ಅಷ್ಟು ದೂರದಿಂದ ಬರೋದು, ರಜಾ ಹಾಕೋದು, ಆಗ್ತಿಲ್ಲ ನನ್ ಕೈಲಿ.” ಮಗಳಿಗೆ ನೀವೇ ಬಾಯಿಬಿಟ್ಟು ನಿಜ ಹೇಳಿ ಎಂದು ಮರಳಕ್ಕ ಮೂರು ಸಲ ಕೇಳಿಕೊಂಡಿದ್ದಾರೆ. ಮೂರು ಸಲವೂ ಅವನ ಉತ್ತರ ಒಂದೇ: “ಅವಳಿಗೆ ಗೊತ್ತಾಗಿದೆಯಲ್ಲ, ಮತ್ತೆ ಯಾಕೆ ಗಾಯ ಕೆರೆಯೋದು?”

ಅಂದರೆ ಇವತ್ತೇ ಕೊನೆಯ ದಿನ, ಇವತ್ತೇ ಬಸ್ಸಿಲ್ಲ. ನಾನು ಬುದ್ಧಿವಂತನ ಹಾಗೆ ಬಾಯಿ ಹಾಕಿದೆ. ಆಟಿಕೆ ಅಂಗಡಿ ಒಂಬತ್ತಕ್ಕೆ ತೆರೆಯುತ್ತೆ, ಅಂಥದ್ದೇ ಕೆಂಪು ಬಸ್ಸು ತರುತ್ತೇನೆ, ಒಂದು ಚಕ್ರ ಕಿತ್ತರಾಯಿತು, ಮಗುವಿಗೇನು ತಿಳಿಯುತ್ತೆ ಎಂದೆ. ಮರಳಕ್ಕ ನನ್ನನ್ನು ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡೆ.

“ಆ ಮಗುಗೆ ಎಲ್ಲರೂ ಅದನ್ನೇ ಮಾಡಿರೋದು ಸ್ವಾಮಿ. ಮಗುವಿಗೇನು ತಿಳಿಯುತ್ತೆ ಅಂದ್ಕೊಂಡಿರೋದು.”

ಹತ್ತೊಂಬತ್ತು ವರ್ಷದ ನೌಕರಿ ಇವರದು. ಡಾಕ್ಟರು ವಾರಕ್ಕೆರಡು ದಿನ ಬರುತ್ತಾರೆ. “ಔಷಧಿ ನಾನು ಬರೀತೀನಿ. ಮಗು ಬಾಯಿ ಬಿಡೋದು ಅವರ ಹತ್ರಾನೇ,” ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಉಳಿದ ದಿನವೆಲ್ಲ ಮರಳಕ್ಕ ಒಬ್ಬರೇ. ಹೊಸದಾಗಿ ಬಂದವರು ಮೂರು ತಿಂಗಳು ಕಾಯಬೇಕು. ಕಾಯುತ್ತಿದ್ದಾಗಲೇ ಕೈಮೀರಿ ಹೋದ ಮಕ್ಕಳ ಸುದ್ದಿ ಬಂದದ್ದುಂಟು. ಅಂಥ ಸಂಜೆ ಮನೆಗೆ ಹೋಗಿ ಮಾತಾಡದೆ ಮಲಗಿಬಿಡುತ್ತಾರಂತೆ. “ನನ್ನ ಮಗಳು ಚಿಕ್ಕವಳಿದ್ದಾಗ ಒಂದ್ಸಲ ಕೇಳಿದ್ಲು, ‘ಅಮ್ಮಾ, ನಿನ್ನ ಹತ್ರ ಮಾತಾಡ್ಬೇಕಂದ್ರೆ ನಾನೂ ಚೀಟಿ ಮಾಡಿಸ್ಬೇಕಾ?’ ಅಂತ. ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.” ಗಂಡನ ತಕರಾರು ಬೇರೆಯೇ. ಮನೆಯ ಪಾತ್ರೆ ಎಲ್ಲಿ ಬೇಕೆಂದರಲ್ಲಿ ಬಿದ್ದಿರುತ್ತೆ, ಅಲ್ಲಿ ಗೊಂಬೆ ಮಾತ್ರ ಅಳತೆ ಹಿಡಿದು ಇಡ್ತಾಳೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರಂತೆ.

ಹತ್ತು ಗಂಟೆಗೆ ಅಪ್ಪ ಮಗಳು ಬಂದರು. ಎರಡು ಜಡೆ, ಕಂಕುಳಲ್ಲಿ ನೀರಿನ ಬಾಟಲಿ. ಮರಳಕ್ಕ ಮೊದಲು ನನ್ನ ವಿಷಯ ಎತ್ತಿದರು: “ಈ ಮಾಮ ನನ್ನ ಕೆಲಸದ ಬಗ್ಗೆ ಬರೀತಾರಂತೆ. ಮೂಲೇಲಿ ಕೂರ್ಲಾ ಅಂತ ಕೇಳ್ತಿದಾರೆ. ನೀನು ಬೇಡ ಅಂದ್ರೆ ಹೊರಗೆ ಹೋಗ್ತಾರೆ.” ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೂಲೆಯ ಕುರ್ಚಿಯನ್ನು ಎಳೆದು ಗೋಡೆಗೆ ಮುಖ ಮಾಡಿಸಿ, ಅದರ ಮೇಲೆ ಎರಡು ಸಲ ತಟ್ಟಿದಳು. ತಪ್ಪು ಮಾಡಿದ ಶಾಲಾ ಹುಡುಗನಂತೆ ನಾನು ಗೋಡೆ ನೋಡುತ್ತಾ ಕೂತೆ. ಹಾಗಾಗಿ ಮುಂದಿನದ್ದೆಲ್ಲ ನನ್ನ ಕಿವಿಗೆ ಬಿದ್ದದ್ದು ಮಾತ್ರ.

ಅಪ್ಪನನ್ನೂ ಅವತ್ತು ಒಳಗೆ ಕರೆದು ನೆಲದ ಮೇಲೆ ಕೂರಿಸಿದರು. ಪುಟ್ಟ ಹೆಜ್ಜೆ ಪೆಟ್ಟಿಗೆಯವರೆಗೆ ಹೋಗಿ ನಿಂತಿತು.

“ಬಸ್ಸು ಇಲ್ಲ ಪುಟ್ಟಾ,” ಮರಳಕ್ಕನ ದನಿ. “ನಿನ್ನೆ ಕೋಣೆ ಗುಡಿಸಿದಾಗ ಕಸಕ್ಕೆ ಹೋಯ್ತು. ಮುಟ್ಬೇಡಿ ಅಂತ ನಾನು ಹೇಳ್ಬೇಕಿತ್ತು, ಮರ್ತೆ. ಬೆಳಿಗ್ಗೆ ಹುಡುಕ್ದೆ. ಸಿಗ್ಲಿಲ್ಲ. ಇನ್ನು ಸಿಗಲ್ಲ. ಬೇರೆ ಬಸ್ಸು ತಂದಿಡಬಹುದಿತ್ತು, ಆದ್ರೆ ಅದು ನಿಂದಲ್ಲ. ಆ ಗೊಂಬೆ ಮಾತ್ರ ಇದೆ, ಇಲ್ಲಿ. ತಪ್ಪು ನಂದು.”

ಗೋಡೆಯ ಮೇಲೆ ಸುಣ್ಣ ಎದ್ದು ಬಂದಿದ್ದ ಜಾಗವನ್ನು ನಾನು ನೋಡುತ್ತಾ ಕೂತಿದ್ದೆ. ಯಾರೋ ಗಂಟಲು ಸರಿಮಾಡಿಕೊಂಡರು.

“ಪುಟ್ಟೀ...” ಅಪ್ಪ. “ಅಮ್ಮನೂ ಬರಲ್ಲ ಕಣಮ್ಮಾ. ಅಮ್ಮ ಊರಿಗೆ ಹೋಗಿರ್ಲಿಲ್ಲ. ಅವತ್ತೇ ಸತ್ತೋದ್ಲು. ನಂಗೆ ಅವತ್ತೇ ಗೊತ್ತಿತ್ತು. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಸುಳ್ಳು ಹೇಳ್ದೆ ನಾನು.”

ಆಮೇಲೆ ಧಪ್ ಎಂದು ಒಂದು ಸದ್ದು. ಇನ್ನೊಂದು. ಮತ್ತೊಂದು. ಪುಟ್ಟ ಮುಷ್ಟಿ ಎದೆಯ ಮೇಲೆ ಬೀಳುವ ಸದ್ದು. ಮರಳು ಎಗರಿ ನನ್ನ ಕುರ್ಚಿಯ ಕಾಲಿಗೆ ಬಡಿಯಿತು. “ಹೊಡೀಲಿ ಬಿಡಿ,” ಎಂದರು ಮರಳಕ್ಕ, ಅಷ್ಟೇ. ಅದರ ಹಿಂದೆಯೇ ಅಳು ಬಂತು. ಹನ್ನೊಂದು ತಿಂಗಳಲ್ಲಿ ಆ ಬಾಯಿಂದ ಹೊರಟ ಮೊದಲ ದನಿ. ಅಯ್ಯೋ ದೇವರೇ, ಅಂಥ ಅಳುವನ್ನು ನಾನು ಕೇಳಿರಲಿಲ್ಲ, ಇನ್ನೊಮ್ಮೆ ಕೇಳಲೂ ಬೇಡ. ಕತ್ತು ತಾನಾಗಿಯೇ ಹಿಂದಕ್ಕೆ ಹೊರಳುತ್ತಿತ್ತು. ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡು ಗೋಡೆಯನ್ನೇ ನೋಡಿದೆ.

ತುಂಬ ಹೊತ್ತಿನ ಮೇಲೆ ಯಾರೋ ನನ್ನ ತೋಳು ಜಗ್ಗಿದರು. ಹುಡುಗಿ. ಮುಖವೆಲ್ಲ ಮರಳು, ಕಣ್ಣು ಊದಿಕೊಂಡಿತ್ತು. ಇನ್ನು ತಿರುಗಬಹುದು ಎಂದು ಕೈಸನ್ನೆ ಮಾಡಿ ನೀರಿನ ಬಾಟಲಿ ಎತ್ತಿಕೊಂಡಳು. ಪೆಟ್ಟಿಗೆಯಲ್ಲಿ ಗೇಟು ತೆರೆದಿತ್ತು. ಬಸ್ಸಿದ್ದ ಜಾಗದಲ್ಲಿ ಹೆಂಗಸಿನ ಗೊಂಬೆಯನ್ನು ಮಲಗಿಸಿ, ಕುತ್ತಿಗೆವರೆಗೆ ಮರಳು ಹೊದೆಸಿದ್ದಳು.

ಬಾಗಿಲಲ್ಲಿ ಅಪ್ಪ ನಿಂತ. ಅಂಗಿಯ ಎದೆ ಒದ್ದೆಯಾಗಿತ್ತು. “ಅಕ್ಕಾ, ಮುಂದಿನ ವಾರಾನೂ ಹತ್ತಕ್ಕೇ ಅಲ್ವಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗಳ ಹಿಂದೆ ಇಳಿದುಹೋದ. ಅವಳು ಅವನ ಕೈ ಹಿಡಿದಿರಲಿಲ್ಲ. ಎರಡು ಮೆಟ್ಟಿಲು ಮುಂದೆಯೇ ಇಳಿಯುತ್ತಿದ್ದಳು.

“ಮಾತು ಬರಲಿಲ್ಲವಲ್ಲ,” ಎಂದೆ.

“ಅಳು ಬಂತು. ಇವತ್ತಿಗೆ ಅಷ್ಟೇ. ಮುಂದಿನ ವಾರ ಬಂದಾಗ ಅಪ್ಪನ ಮೇಲಿನ ಸಿಟ್ಟು ಇನ್ನೂ ಜಾಸ್ತಿ ಆಗಿರುತ್ತೆ. ಅವನು ತಡ್ಕೋಬೇಕು,” ಎಂದ ಮರಳಕ್ಕ ನೋಟ್‌ಬುಕ್ ತೆರೆದು ಗೊಂಬೆಯ ಜಾಗ ಅಳೆಯತೊಡಗಿದರು. ಹನ್ನೆರಡು ನಿಮಿಷದಲ್ಲಿ ಏಳು ಕಳೆದಿತ್ತು.

ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ಸಂಜೆ ಕೇಳಿದೆ. ನಿಮಗೇನು ಆಸೆ? ಆಗ ಅವರು ಬೆಳಿಗ್ಗೆ ನುಂಗಿಕೊಂಡಿದ್ದ ಮಾತನ್ನು ಆಡಿದರು. ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗ ಬರುತ್ತಿದ್ದ, ಒಂಬತ್ತು ವರ್ಷದವನು. ಅಪ್ಪ ಅಮ್ಮ ಇಲ್ಲ. ಎರಡು ವರ್ಷದಲ್ಲಿ ನಾಲ್ಕು ನೆಂಟರ ಮನೆ ಬದಲಾಯಿಸಿದ್ದ. ಹೋದಲ್ಲೆಲ್ಲ ಅವನ ಚೀಲ, ಹಾಸಿಗೆ ಯಾರೋ ಎತ್ತಿ ಬೇರೆ ಕಡೆ ಇಡುತ್ತಿದ್ದರು. ಅವನು ಪೆಟ್ಟಿಗೆಯ ಮೂಲೆಯಲ್ಲಿ ಒಂದು ಪುಟ್ಟ ಗೊಂಬೆಯನ್ನು ಹೂತಿಟ್ಟುಹೋದ. ನಿಯಮದಂತೆ ಮರಳಕ್ಕ ಅದನ್ನು ತೆಗೆದು, ತೊಳೆದು, ಕಪಾಟಿನಲ್ಲಿಟ್ಟರು. ಮುಂದಿನ ವಾರ ಅವನು ಬಂದು ಆ ಮೂಲೆಯನ್ನು ಕೆದಕಿದ. ಮತ್ತೆ ಕೆದಕಿದ. “ಇಲ್ಲೂ ತೆಗೆದ್ಬಿಟ್ರಾ?” ಎಂದ. ಎದ್ದು ಹೋದವನು ಮತ್ತೆ ಬರಲಿಲ್ಲ. ನೆಂಟರು ಮನೆ ಬದಲಾಯಿಸಿದ್ದರು, ವಿಳಾಸ ಸಿಗಲಿಲ್ಲ.

ಮರಳಕ್ಕ ಮೇಜಿನ ಡ್ರಾಯರ್ ಎಳೆದರು. ಬೆಂಕಿಪೊಟ್ಟಣವೊಂದರಲ್ಲಿ ಹತ್ತಿಯ ಮೇಲೆ ಹೆಬ್ಬೆಟ್ಟಿನಷ್ಟೇ ಇರುವ ಆ ಗೊಂಬೆ. ಅದರ ಕೆಳಗೆ ಅವರ ಮೊದಲ ನೋಟ್‌ಬುಕ್. ಮೊದಲ ಪುಟದಲ್ಲಿ, ನೆನಪಿನಿಂದಲೇ ಬರೆದ ಆ ಹುಡುಗನ ಪೆಟ್ಟಿಗೆಯ ಚಿತ್ರ.

“ಅವನಿಗೀಗ ಇಪ್ಪತ್ತು. ಮೀಸೆ ಬಂದಿರುತ್ತೆ. ಬಸ್ ಸ್ಟಾಪಲ್ಲಿ ಪಕ್ಕದಲ್ಲೇ ನಿಂತಿದ್ರೂ ನಂಗೆ ಗುರುತು ಸಿಗಲ್ಲ. ಆದ್ರೆ ಅವನು ಬಂದು ನನ್ನ ಗೊಂಬೆ ಎಲ್ಲಿ ಅಂತ ಕೇಳಿದ್ರೆ ನಾನು ತಡಬಡಾಯಿಸಲ್ಲ. ಮೂಲೆಯಿಂದ ಎರಡು ಬೆರಳು ದೂರ, ಒಂದು ಬೆರಳು ಆಳ.”